ಹೋಗಿ ಬರ್ತೀನಿ ಎಂದೆಯಲ್ಲ

ಪುಟ್ಟೀ,

ನೀನು ಹೊರಟ ಮೇಲೆ ಮೂರು ರಾತ್ರಿ ನಡುಮನೆಯ ದೀಪ ಆರಿಸಲು ನನಗೆ ಕೈ ಬರಲಿಲ್ಲ. ಅಪ್ಪ ಒಮ್ಮೆ ಎದ್ದು ಬಂದು ನೋಡಿದರು, ಏನೂ ಹೇಳದೆ ಹೋಗಿ ಮಲಗಿದರು. ನಾಲ್ಕನೆಯ ದಿನ ನಿನ್ನ ಕಪಾಟು ಒರೆಸುವಾಗ ಚೀನಾದ ಹಳೆಯ ಕವಿತೆಗಳ ಆ ಪುಸ್ತಕ ಸಿಕ್ಕಿತು. ಅಲ್ಲೊಂದು ಟಿಪ್ಪಣಿ: ಮಗಳನ್ನು ಕೊಟ್ಟ ಮನೆಯವರು ಅಗಲಿಕೆಯನ್ನು ನೆನೆದು ಮೂರು ರಾತ್ರಿ ದೀಪ ಆರಿಸಬಾರದಂತೆ. ಅವರ ಆಚಾರಗ್ರಂಥ ‘ಲೀ ಜಿ’ಯಲ್ಲಿ ಹಾಗಿದೆ. ಸೊಸೆ ತಂದ ಮನೆಯಲ್ಲೂ ಮೂರು ದಿನ ವಾದ್ಯ ನುಡಿಸುವಂತಿಲ್ಲ. ಮಗ ಅಪ್ಪನ ಜಾಗಕ್ಕೆ ಬರುವ ಹೊತ್ತು ಬಂತಲ್ಲ ಎಂದು. ಓದುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಂದಿನಿಂದ ದಿನವೂ ಆ ಕವಿತೆಗಳನ್ನೇ ಓದುತ್ತಿದ್ದೇನೆ. ‘ಷಿ ಜಿಂಗ್’, ಒಟ್ಟು 305 ಹಾಡು, 2,500 ವರ್ಷಕ್ಕೂ ಹಳೆಯವು. ಎಷ್ಟೋ ಹಾಡುಗಳಲ್ಲಿ ಹೆಣ್ಣು ಗಂಡಿನ ಸಮಾಚಾರವೇ. ಒಂದರಲ್ಲಿ ಹಣ್ಣು ಉದುರುತ್ತಿರುವ ಮರದ ಹತ್ತಿರ ಒಬ್ಬಳಿದ್ದಾಳೆ. ಹತ್ತರಲ್ಲಿ ಏಳು ಉಳಿದಿವೆ, ಆಮೇಲೆ ಮೂರು, ಕೊನೆಗೆ ಬುಟ್ಟಿಯಲ್ಲಿ ಆಯ್ದುಕೊಳ್ಳುವುದೇ. ಹೆಣ್ಣು ಕೇಳಲು ಬರುವವನು ಬೇಗ ಬರಲಿ ಎನ್ನುತ್ತಾಳೆ. ಆ ಅವಸರ ಓದಿ ನನಗೆ ಅವಳ ಮೇಲೆ ಅಕ್ಕರೆ ಉಕ್ಕಿತು.

ಆ ಕಾಲದಲ್ಲಿ ಅವರ ಮದುವೆಗೆ ಆರು ಶಾಸ್ತ್ರಗಳು. ಹೆಣ್ಣು ಕೇಳುವುದು, ಹೆಸರು ವಿಚಾರಿಸುವುದು, ಶಕುನ ನೋಡಿ ತಿಳಿಸುವುದು, ಉಡುಗೊರೆ, ದಿನ ಗೊತ್ತುಮಾಡುವುದು, ಕಡೆಗೆ ವರನೇ ಬಂದು ಕರೆದೊಯ್ಯುವುದು. ಆರರಲ್ಲಿ ಐದಕ್ಕೆ ಕಾಡು ಹೆಬ್ಬಾತು ಹಿಡಿದು ಬರಬೇಕು. ಋತು ತಪ್ಪದ ಹಕ್ಕಿ ಎಂಬ ಕಾರಣಕ್ಕೆ. ಉಡುಗೊರೆಯ ಶಾಸ್ತ್ರಕ್ಕೆ ಮಾತ್ರ ರೇಷ್ಮೆ ಮತ್ತು ಜೋಡಿ ಜಿಂಕೆಚರ್ಮ. ವರ ಬರುವುದು ಮುಸ್ಸಂಜೆಗೆ, ಕಪ್ಪು ಗಾಡಿಯಲ್ಲಿ, ಮುಂದೆ ಪಂಜು ಹಿಡಿದವರು. ಮದುವೆ ಎನ್ನುವ ಅವರ ಅಕ್ಷರದೊಳಗೇ ಮುಸ್ಸಂಜೆಯ ಅಕ್ಷರ ಇದೆಯಂತೆ. ಹೊರಡುವ ಮೊದಲು ತಾಯಿ ತನ್ನ ಕೈಯಾರೆ ಮಗಳಿಗೆ ಸೊಂಟಪಟ್ಟಿ ಕಟ್ಟಬೇಕು. ಆ ಗಂಟು ಒಂದು ಹಾಡಿನಲ್ಲೂ ಬರುತ್ತದೆ. ಮೂರು ವರ್ಷ ಯುದ್ಧದಲ್ಲಿದ್ದ ಸೈನಿಕ ಜಿನುಗು ಮಳೆಯಲ್ಲಿ ಮನೆಗೆ ನಡೆಯುತ್ತ ತನ್ನ ಮದುವೆಯನ್ನು ನೆನೆಯುತ್ತಾನೆ, ಆಗ ಅವನಿಗೆ ಅತ್ತೆ ತನ್ನ ಮಗಳಿಗೆ ಪಟ್ಟಿ ಕಟ್ಟಿದ್ದು ನೆನಪಾಗುತ್ತದೆ. ನಿನ್ನ ಸೆರಗಿಗೆ ಪಿನ್ನು ಚುಚ್ಚುವಾಗ ನನ್ನ ಬೆರಳು ನಡುಗಿದ್ದನ್ನು ನೀನು ನೋಡಿದೆ, ಗೊತ್ತು.

ಆದರೆ ನನ್ನನ್ನು ಬಿಡದೆ ಹಿಡಿದಿರುವುದು ‘ಮಾಂಗ್’ ಎನ್ನುವ ಹಾಡು. ಈಗಿನ ಹೆನಾನ್ ಪ್ರಾಂತದ ಕಡೆಯದು. ಬಟ್ಟೆ ಕೊಟ್ಟು ರೇಷ್ಮೆ ಕೊಳ್ಳುವ ನೆಪದಲ್ಲಿ ಹುಡುಗನೊಬ್ಬ ಬರುತ್ತಾನೆ. ನಿಜವಾಗಿ ಬಂದದ್ದು ಇವಳನ್ನು ಕೇಳಲು. ಸರಿಯಾದ ಮಧ್ಯಸ್ಥರಿಲ್ಲ, ಕೋಪ ಬೇಡ, ಶರದೃತುವಿಗೆ ಇಟ್ಟುಕೊಳ್ಳೋಣ ಎನ್ನುತ್ತಾಳೆ. ಆಮೇಲೆ ಕುಸಿದ ಗೋಡೆ ಹತ್ತಿ ಅವನ ದಾರಿ ಕಾಯುತ್ತಾಳೆ, ಕಾಣದಿದ್ದರೆ ಅಳು, ಕಂಡರೆ ನಗು. ಆಮೆಚಿಪ್ಪಿನಲ್ಲೂ ಕಡ್ಡಿಗಳಲ್ಲೂ ಶಕುನ ಒಳ್ಳೆಯದೇ ಬಂತು. ಗಾಡಿ ತಂದ, ತನ್ನ ಸಾಮಾನು ಏರಿಸಿಕೊಂಡು ಹೋದಳು. ಮೂರು ವರ್ಷ ಬಡತನ, ನಸುಕಿನಿಂದ ರಾತ್ರಿಯವರೆಗೆ ದುಡಿತ, ಅವನ ಕೈ ಅವಳ ಮೇಲೆ ಏಳಲು ಶುರುವಾಯಿತು. ಹಿಪ್ಪುನೇರಳೆಯ ಎಲೆ ಹಳದಿಯಾಗಿ ಉದುರುತ್ತದೆ, ತುಂಬಿದ ನದಿ ಗಾಡಿಯ ಪರದೆ ತೋಯಿಸುತ್ತದೆ.

ಇಷ್ಟನ್ನೂ ತಡೆದುಕೊಂಡೆ. ಅವಳ ಒಡಹುಟ್ಟಿದವರು ಅವಳ ಪಾಡು ಅರಿಯದೆ ನಕ್ಕರು ಎಂಬಲ್ಲಿ ಪುಸ್ತಕ ಮುಚ್ಚಿಟ್ಟೆ. ಕೈಹಿಡಿದವನಿಗಿಂತ ಅವಳ ತವರಿನವರ ಮೇಲೆ ನನಗೆ ಸಿಟ್ಟು ಬಂತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರಲ್ಲ ನಮ್ಮಲ್ಲಿ, ಆ ಮಾತನ್ನು ನನ್ನ ಮದುವೆಯಲ್ಲಿ ಹಿರಿಯರೊಬ್ಬರು ಹೇಳಿದ್ದರು. ನಿನ್ನ ಮದುವೆಯಲ್ಲಿ ಯಾರ ಬಾಯಿಂದಲೂ ಅದು ಬರದಂತೆ ನಾನು ಕಾಯುತ್ತಿದ್ದೆ.

ಆ ಹಾಡುಗಳಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದಕ್ಕೆ ‘ಗುಯಿ’ ಎನ್ನುತ್ತಾರೆ. ಅಂದರೆ ಮರಳುವುದು. ಕಾಣದ ಮನೆಗೆ ಹೋಗುವುದು ಮರಳುವುದು ಹೇಗಾಗುತ್ತದೆ? ಮೊದಲು ಬಹಳ ನೊಂದುಕೊಂಡೆ. ಆಮೇಲೆ ಎರಡನೆಯ ಹಾಡು ಓದಿದೆ, ಪುಸ್ತಕದ ಆರಂಭದಲ್ಲೇ ಇರುವುದು. ಕಣಿವೆಯ ಬಳ್ಳಿಯ ನಾರಿನಿಂದ ನೇಯ್ದ ಬಟ್ಟೆ ಉಟ್ಟವಳೊಬ್ಬಳು ಮನೆಯ ಹಿರಿಯಾಕೆಗೆ ಹೇಳಿ, ಒಗೆಯಬೇಕಾದ್ದು ಯಾವುದು ಬೇಡವಾದ್ದು ಯಾವುದು ಎಂದು ಬಟ್ಟೆ ವಿಂಗಡಿಸುತ್ತಾಳೆ. ಹೊರಟಿರುವುದು ಅಪ್ಪ ಅಮ್ಮನನ್ನು ನೋಡಲು. ಅಲ್ಲೂ ಅದೇ ಅಕ್ಷರ, ಗುಯಿ. ಎರಡು ಮನೆಗೂ ಒಂದೇ ಮಾತು.

ನೀನು ಹೊಸಿಲು ದಾಟುವಾಗ “ಹೋಗಿ ಬರ್ತೀನಮ್ಮಾ” ಎಂದೆಯಲ್ಲ, ಅದನ್ನು ನಾನು ಅಕ್ಷರಶಃ ಹಿಡಿದುಕೊಂಡಿದ್ದೇನೆ. ಆಷಾಢಕ್ಕೆ ಇನ್ನು ಹತ್ತೊಂಬತ್ತು ದಿನ. ಕರೆಯಲು ಅಪ್ಪನೇ ಬರುತ್ತಾರೆ. ಬಟ್ಟೆ ಒಗೆಯಬೇಡ, ಹಾಗೇ ಗಂಟು ಕಟ್ಟಿಕೊಂಡು ಬಾ, ಇಲ್ಲಿ ಒಗೆದರಾಯಿತು.

ನಿನ್ನ
ಅಮ್ಮ