ಶರ್ಕ್ ಮೀನು ಮಾರ್ಕೆಟ್, ಕೈಗಾಯ ಮತ್ತು ಅತ್ತಾರರ ಎಣ್ಣೆ

ರಜೆಯ ದಿನ ಶರ್ಕ್‌ನ ಮೀನು ಮಾರ್ಕೆಟ್‌ಗೆ ಹೋದ ಕರಾವಳಿಯವರಿಗೆ ಊರಿನ ಬಂದರು ನೆನಪಾಗದೆ ಇರದು. ಸೂಕ್ ಶರ್ಕ್ ಮಾಲ್‌ಗೆ ತಾಗಿಯೇ ಮಾರ್ಕೆಟ್, ಪಕ್ಕದಲ್ಲಿ ಮರದ ದೋಣಿಗಳು ನಿಲ್ಲುವ ಜಾಗ. ಇಲ್ಲಿಯವರು ಜುಬೈದಿ ಅನ್ನೋದು ನಮ್ಮ ಮಾಂಜಿಯನ್ನೇ. ಬೆಲೆ ಕೇಳಿದರೆ ಮಾತ್ರ ಊರು ಮರೆತುಹೋಗುತ್ತದೆ!

ಮೀನು ಕ್ಲೀನ್ ಮಾಡಿಕೊಡುವವರ ಕೈ ಒಮ್ಮೆ ನೋಡಿ. ಮುಳ್ಳು ಚುಚ್ಚಿದ ಕಲೆ, ಚೂರಿ ತಾಗಿದ ಗೀರು. ದಿನವಿಡೀ ಐಸು, ಉಪ್ಪುನೀರು. ಗಾಯ ಒಣಗೋಕೆ ಪುರುಸೊತ್ತೇ ಇಲ್ಲ. ಹೋಟೆಲ್, ಗ್ಯಾರೇಜ್, ಸೈಟಿನಲ್ಲಿ ದುಡಿಯುವ ನಮ್ಮವರ ಪಾಡೂ ಅಷ್ಟೇ. ಆಗ ರೂಮಿನಲ್ಲಿ ಯಾರಾದರೊಬ್ಬರು ಹೇಳ್ತಾರೆ: "ಮುಬಾರಕಿಯಾಕ್ಕೆ ಹೋಗು ಮಾರಾಯ, ಅತ್ತಾರನ ಹತ್ರ ಎಣ್ಣೆ ಸಿಗ್ತದೆ."

ಸಿಗ್ತದೆ, ನಿಜ. ಶರ್ಕ್‌ನಿಂದ ನಡೆದೇ ಹೋಗಬಹುದಾದ ಆ ಹಳೇ ಪೇಟೆಯಲ್ಲಿ ಲವಂಗದೆಣ್ಣೆ, ಲುಬಾನ್ ಅಂದರೆ ಧೂಪದ ಎಣ್ಣೆ, ಇವರು 'ಹಬ್ಬತ್ ಅಲ್ ಬರಕಾ' ಎನ್ನುವ ಕರಿಜೀರಿಗೆಯ ಎಣ್ಣೆ, ಗಂಧದೆಣ್ಣೆ ಎಲ್ಲವೂ ಉಂಟು. ಆದರೆ ಎಲ್ಲವೂ ಒಂದೇ ಜಾತಿಯವಲ್ಲ. ಕರಿಜೀರಿಗೆ, ಬೇವು, ಎಳ್ಳಿನವು ಹಿಂಡಿ ತೆಗೆದ ಎಣ್ಣೆ. ಲವಂಗ, ಲುಬಾನ್, ಗಂಧದವು ಭಟ್ಟಿ ಇಳಿಸಿದ ಸಾರ, ಬಹಳ ತೀಕ್ಷ್ಣ. ಲವಂಗದೆಣ್ಣೆಯಲ್ಲಿ ಹೆಚ್ಚಿನ ಪಾಲು ಯುಜಿನಾಲ್. ಅದು ಕ್ರಿಮಿ ಕೊಲ್ಲುತ್ತದೆ, ನೋವು ಮರಗಟ್ಟಿಸುತ್ತದೆ. ಬೆರಕೆ ಇಲ್ಲದೆ ಹಸಿ ಗಾಯಕ್ಕೆ ಹಾಕಿದರೆ ಹೊಸದಾಗಿ ಬರುತ್ತಿರುವ ಚರ್ಮವನ್ನೂ ಸುಡಬಹುದು. ನೋವು ಕಮ್ಮಿಯಾಯ್ತು ಅಂದರೆ ಗಾಯ ಮಾಗಿತು ಅಂತ ಅಲ್ಲ.

ಆಯುರ್ವೇದದಲ್ಲಿ ಗಾಯಕ್ಕೆ ಹೆಸರಾದ ಜಾತ್ಯಾದಿ ತೈಲವೂ ಇಂಥ ಸಾರವಲ್ಲ. ಜಾಜಿ ಎಲೆ, ಬೇವು, ಅರಿಸಿನ ಮುಂತಾದವನ್ನು ಎಣ್ಣೆಯಲ್ಲಿ ಕುದಿಸಿ ಮಾಡುವಂಥದ್ದು. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳಿಂದ ಗಾಯ ಬೇಗ ಮಾಗೀತೆ ಎಂದು ವಿಜ್ಞಾನಿಗಳು ನೋಡಿದ್ದಾರೆ, ಹೆಚ್ಚಾಗಿ ಇಲಿಗಳ ಮೇಲೆ, ಅಳತೆ ಮಾಡಿ. ಏನು ಎಷ್ಟು ಬೆರೆಸಿದ್ದಾರೆಂದು ಬರೆಯದ ಸಣ್ಣ ಶೀಶೆಗೆ ಆ ಮಾತು ಹೊಂದದು.

ಕೈ ಕೊಯ್ದುಕೊಂಡರೆ ಮೊದಲು ಶುದ್ಧ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, ಆಮೇಲೆ ಹರಿಯುವ ನಲ್ಲಿನೀರಿನಲ್ಲಿ ಚೆನ್ನಾಗಿ ತೊಳೆದು ಬ್ಯಾಂಡೇಜ್ ಹಾಕಿ. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ನೆನಪಿಲ್ಲದಿದ್ದರೆ ಡಾಕ್ಟರಿಗೆ ಹಾಗೇ ಹೇಳಿ. ಮೀನುಮುಳ್ಳಿನ ಗಾಯವನ್ನು ಹಗುರವಾಗಿ ಕಾಣಬೇಡಿ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ಎಂಬ ರೋಗಾಣು ಇರುತ್ತದೆ. ಕೆಲವೊಮ್ಮೆ ಒಂದೇ ದಿನದಲ್ಲಿ ಕೈ ಊದಿ ಜ್ವರ ಬರುತ್ತದೆ. ಆಗ ಎಣ್ಣೆ ಹುಡುಕುತ್ತಾ ಕೂರದೆ ಎಮರ್ಜೆನ್ಸಿಗೆ ಓಡಬೇಕು. 1949ರಲ್ಲಿ ತೆರೆದ ಅಮೀರಿ ಆಸ್ಪತ್ರೆ ಶರ್ಕ್‌ನ ಕಡಲ ಬದಿಯಲ್ಲೇ ಇದೆ. ಸಿವಿಲ್ ಐಡಿ ಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆ ಇದ್ದವರು ಸಣ್ಣ ಗಾಯಕ್ಕೂ ಕಾಯಬಾರದು, ಅದರಲ್ಲೂ ಕಾಲಿನದ್ದಕ್ಕೆ. ಅವರಿಗೆ ನೋವೇ ಗೊತ್ತಾಗದೆ ಗಾಯ ಒಳಗೆ ಕೊಳೆಯುತ್ತದೆ.

ಅತ್ತಾರರ ಎಣ್ಣೆ ಕೊಳ್ಳಲೇಬೇಡಿ ಅಂತಲ್ಲ. ಗಾಯ ಪೂರ್ತಿ ಮುಚ್ಚಿದ ಮೇಲೆ ಒಡೆದ ಕೈಗೆ ತೆಂಗಿನೆಣ್ಣೆಯೇ ಸಾಕು. ಘಮ ಬೇಕಿದ್ದರೆ ಒಂದು ಟೀ ಚಮಚ ತೆಂಗಿನೆಣ್ಣೆಗೆ ಒಂದೇ ಹನಿ ಗಂಧದೆಣ್ಣೆ ಬೆರೆಸಿ, ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ, ತುರಿಕೆ ಬರುತ್ತದಾ ಅಂತ ಒಂದು ದಿನ ನೋಡಿ.