ಬೇಲಿ ಹಾಕಿದರೆ ಜೌಗು ಉಳಿಯುತ್ತಾ?

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಬೆಂಗಳೂರಿನ ಜೊತೆಗೆ ನಮ್ಮ ಬಾಯಲ್ಲಿ ಓಡಾಡುವ ಇನ್ನೊಂದು ಹೆಸರು ಚೆನ್ನೈನ ಓಎಂಆರ್. ಆ ಐಟಿ ಪಾರ್ಕುಗಳ ಬೆನ್ನಿಗೇ ಪಳ್ಳಿಕರಣೈ ಜೌಗು ಪ್ರದೇಶವಿದೆ. ಇಂಟರ್ನ್‌ಶಿಪ್‌ಗೆಂದು ಜನವರಿಯಲ್ಲಿ ಅಲ್ಲಿದ್ದಾಗ ಬಸ್ಸಿನ ಒಂದು ಕಡೆ ಹೆಜ್ಜಾರ್ಲೆ, ರಾಜಹಂಸ ಕಾಣುತ್ತಿದ್ದವು. ಇನ್ನೊಂದು ಕಡೆ ಪೆರುಂಗುಡಿಯ ಕಸದ ರಾಶಿ.

ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಕೋಡಿ ನೀರು ಇಳಿದು ಬರೋದು ಇಲ್ಲಿಗೆ. ಇಲ್ಲಿ ಹರಡಿ, ನಿಧಾನವಾಗಿ ಒಕ್ಕಿಯಂ ಮಡುವು, ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಕೋವಳಂ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರಿಗೆ ಅಲ್ಲಲ್ಲಿ ಉಪ್ಪು ಬೆರೆಯುವುದರಿಂದಲೇ ಇಷ್ಟು ಬಗೆಯ ಹಕ್ಕಿ, ಮೀನು, ಹುಲ್ಲು. ಆದರೆ ಹಳೇ ದಾಖಲೆಗಳಲ್ಲಿ ಇದು ಬರೀ ಪಾಳು ಜಾಗ. ಪಾಳು ಅಂದಮೇಲೆ ಕಸ ಸುರಿಯಬಹುದು, ರಸ್ತೆ ಎಳೆಯಬಹುದು, ಕಟ್ಟಡ ಏಳಿಸಬಹುದು. 1960ರ ದಶಕದಲ್ಲಿ ಸುಮಾರು 5,000 ಹೆಕ್ಟೇರ್ ಇತ್ತೆಂದು ಹೇಳುವ ಜೌಗು ಹೀಗೇ ಕರಗಿತು. 2015ರ ಡಿಸೆಂಬರ್ ಮಳೆಯಲ್ಲಿ ವೇಳಚ್ಚೇರಿ ಮುಳುಗಿತು; 2023ರಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಅದೇ ಕಥೆ.

ಕಾನೂನು ಸುಮ್ಮನೆ ಕೂತಿಲ್ಲ. 2007ರಲ್ಲಿ 317 ಹೆಕ್ಟೇರ್ ಮೀಸಲು ಅರಣ್ಯವಾಯಿತು. 2022ರಲ್ಲಿ ಸುಮಾರು 1,248 ಹೆಕ್ಟೇರ್ ರಾಮ್ಸಾರ್ ಪಟ್ಟಿ ಸೇರಿತು. ಆದರೂ ನನಗನ್ನಿಸೋದು ಇಷ್ಟು: ಹಕ್ಕಿ ಬೇಲಿಯೊಳಗಿದೆ, ನೀರು ಬರೋದು ಮಾತ್ರ ಬೇಲಿಯ ಹೊರಗಿಂದ. ಹೊರಗೆ ಪ್ರತಿ ಸೈಟಿಗೂ ಬೇರೆ ಬೇರೆ ಅನುಮತಿ. ಒಬ್ಬ ನಾಲ್ಕು ಅಡಿ ಮಣ್ಣು ತುಂಬಿಸಿ ಮನೆ ಕಟ್ಟಿದರೆ ಅವನ ಮನೆ ಸೇಫ್. ಸಾವಿರ ಜನ ತುಂಬಿಸಿದರೆ ನೀರಿಗೆ ದಾರಿಯೇ ಇಲ್ಲ. ಒಂದೊಂದೇ ಫೈಲ್ ನೋಡುವವರಿಗೆ ಈ ಮೊತ್ತ ಕಾಣೋದೇ ಇಲ್ಲ. ಅದು ಕಾಣಬೇಕಾದದ್ದು ನಗರದ ಮಾಸ್ಟರ್ ಪ್ಲಾನಿನಲ್ಲಿ.

2017ರ ಜೌಗು ಪ್ರದೇಶ ನಿಯಮಗಳು ಪ್ರಭಾವ ವಲಯವನ್ನೂ ಗುರುತಿಸಬೇಕು ಅನ್ನುತ್ತವೆ. ಅಂದರೆ ಜೌಗಿನ ಗಡಿ ಮಾತ್ರವಲ್ಲ, ಅದರ ಆರೋಗ್ಯಕ್ಕೆ ತಟ್ಟುವ ಸುತ್ತಲ ಜಾಗವೂ ಲೆಕ್ಕಕ್ಕೆ ಬರಬೇಕು. ಎರಡನೇ ವರ್ಷದ ಸರ್ವೇ ಲ್ಯಾಬಿನಲ್ಲಿ ನಾವು ಬೇಜಾರಿಂದ ಎಳೆಯುವ ಕಾಂಟೂರ್ ಗೆರೆಗಳಿಗೆ ಇಲ್ಲಿ ಕೆಲಸವಿದೆ: ಕೆರೆಯಿಂದ ಜೌಗಿಗೆ ಬರುವ ಕಾಲುವೆ ಎಲ್ಲಿ, ಹೊರಹೋಗುವ ಬಾಯಿ ಎಷ್ಟು ಅಗಲ, ಎಲ್ಲಿ ಮಣ್ಣು ತುಂಬಿಸಲೇಬಾರದು.

ನಮ್ಮ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ತಾಣವಾಗಿದೆ. ಅಲ್ಲಿನ್ನೂ ಓಎಂಆರ್ ಬಂದಿಲ್ಲ. ಮೊದಲ ಲೇಔಟಿನ ನಕ್ಷೆ ನಮ್ಮಲ್ಲೇ ಯಾರದಾದರೂ ಟೇಬಲ್ಲಿಗೆ ಬರುವ ಮುಂಚೆ ಆ ಗೆರೆಗಳು ಸಿದ್ಧವಾಗಿರಲಿ.