ಚಾರ್ಮಾಡಿ ಇಳಿಯುವ ಮುನ್ನ

ಘಟ್ಟದ ಮೇಲಿನಿಂದ ಉಜಿರೆ, ಧರ್ಮಸ್ಥಳದ ಕಡೆಗೆ ಹೊರಟವರಿಗೆ ಚಾರ್ಮಾಡಿ ಘಾಟಿ ಹಳೆಯ ಪರಿಚಯ. ಮೂಡಿಗೆರೆ, ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ಮಲೆನಾಡಿನ ಅಂಚು ಮುಟ್ಟಿದ ಹಾಗೆ. ಕಳಸ, ಹೊರನಾಡಿನ ದಾರಿ ಅಲ್ಲೇ ಕವಲೊಡೆಯುತ್ತದೆ. ಇನ್ನೊಂದು ದಾರಿ ಕರಾವಳಿಯತ್ತ ಇಳಿಯುತ್ತಾ ಹೋಗುತ್ತದೆ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕಣಿವೆ. ಮಳೆಗಾಲ ಮುಗಿದ ಹೊಸತರಲ್ಲಿ ಎಲ್ಲಿ ನೋಡಿದರೂ ಝರಿಗಳು. ಮಂಜು ಕವಿದರೆ ಎದುರು ಬರುವ ವಾಹನದ ದೀಪವಷ್ಟೇ ಕಾಣುತ್ತದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಈ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಚೆಂದವೂ ಇದೆ, ಎಚ್ಚರವೂ ಬೇಕು.

ದಸರಾ ರಜೆಯಲ್ಲಿ ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ನಾವು ಹಾಸನದಿಂದ ಉಜಿರೆಗೆ ಹೊರಟೆವು. ವಾಹನ ನಮ್ಮ ಯಜಮಾನರ ಮಾರುತಿ 800. 1998ರಲ್ಲಿ ಕೊಂಡದ್ದು. 1983ರ ಕೊನೆಯಲ್ಲಿ ರಸ್ತೆಗೆ ಬಂದ ಈ ಪುಟ್ಟ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಮಾತ್ರ ಅದು ಇನ್ನೂ ನಿಂತಿಲ್ಲ. ಮಗನಿಗೆ ಇದು ಇಷ್ಟವಿಲ್ಲ. "ಅಪ್ಪಾ, ಮಕ್ಕಳನ್ನು ಕೂರಿಸಿಕೊಂಡು ಈ ಕಾರಿನಲ್ಲಿ ಘಾಟಿ ಇಳಿಯೋದು ಬೇಡ. ಬಸ್ಸಿಗೆ ಹೋಗಿ" ಎಂದಿದ್ದ. ಇವರು "ನೋಡೋಣ" ಎಂದು ಕೀಲಿ ಜೇಬಿಗೆ ಹಾಕಿಕೊಂಡಿದ್ದರು.

ಬೇಲೂರು ದಾಟಿದ ಮೇಲೆ ರಸ್ತೆಯ ಉಬ್ಬೊಂದನ್ನು ಹತ್ತಿ ಇಳಿದಾಗ ಕಾರಿನ ಹಿಂಬದಿ ತೊಟ್ಟಿಲಿನ ಹಾಗೆ ಮೂರು ನಾಲ್ಕು ಸಲ ತೂಗಿತು. ಮಕ್ಕಳು "ಇನ್ನೊಂದ್ಸಲ ಅಜ್ಜಾ!" ಎಂದು ಕೂಗಿದರು. ಅಜ್ಜ ನಗಲಿಲ್ಲ. ಮೂಡಿಗೆರೆ ತಲುಪಿದ ಕೂಡಲೇ ಕಾರನ್ನು ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು.

ವಯಸ್ಸಾದ ಮೇಸ್ತ್ರಿ ಹೊರಗೆ ಬಂದರು. ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳಲಿಲ್ಲ. ಮೊಮ್ಮಗಳನ್ನು ಕರೆದು, "ಬಾ ಪುಟ್ಟಿ, ನೀನೇ ಪರೀಕ್ಷೆ ಮಾಡು. ಈ ಮೂಲೆಯನ್ನು ಜೋರಾಗಿ ಕೆಳಕ್ಕೆ ಒತ್ತಿ ಬಿಟ್ಟುಬಿಡು" ಎಂದರು. ಅವಳ ಜೊತೆಗೆ ತಾವೂ ಕೈ ಕೊಟ್ಟರು. ಮುಂದಿನ ಎರಡು ಮೂಲೆಗಳು ಮೇಲೆದ್ದು ಸುಮ್ಮನೆ ನಿಂತವು. ಹಿಂದಿನ ಎಡಮೂಲೆ ಎದ್ದು, ಬಿದ್ದು, ಮತ್ತೆ ಎದ್ದಿತು. ಮೇಸ್ತ್ರಿ ಚಕ್ರದ ಹಿಂದಕ್ಕೆ ಟಾರ್ಚ್ ಬಿಟ್ಟು ತೋರಿಸಿದರು. ಕೊಳವೆಯಂಥ ಭಾಗದ ಮೈತುಂಬ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಟೈರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗುಗಳು ಸಿಕ್ಕವು.

"ಶಾಕ್ ಹೋಗಿದೆ ಸಾರ್. ಇದನ್ನು ಹಾಕಿಕೊಂಡು ಚಾರ್ಮಾಡಿ ಇಳಿಯಬೇಡಿ" ಎಂದರು.

ಇವರ ಮುಖ ಸಪ್ಪಗಾಯಿತು. "ಬ್ರೇಕ್ ಚೆನ್ನಾಗಿದೆಯಲ್ಲ?" ಎಂದು ಮೆಲ್ಲಗೆ ಕೇಳಿದರು.

"ಬ್ರೇಕ್ ಹಿಡಿಯೋದು ಚಕ್ರವನ್ನು ಸಾರ್. ಗಾಡಿ ನಿಲ್ಲೋದು ಟೈರು ರಸ್ತೆಯನ್ನು ಕಚ್ಚಿಕೊಂಡರೆ ಮಾತ್ರ. ಟೈರು ಕುಣೀತಾ ಇದ್ದರೆ ಬ್ರೇಕ್ ಏನು ಮಾಡುತ್ತೆ?"

ಮಕ್ಕಳೇ, ಶಾಕ್ ಅಬ್ಸಾರ್ಬರಿನ ಕೆಲಸ ಇಷ್ಟೇ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿ ಬಂದಾಗ ಕುಗ್ಗಿ ಹಿಗ್ಗುವುದೂ ಅದೇ. ಆದರೆ ಸ್ಪ್ರಿಂಗಿಗೆ ಕುಣಿಯುವುದು ಗೊತ್ತೇ ಹೊರತು ನಿಲ್ಲುವುದು ಗೊತ್ತಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಶಾಕ್. ಅದರ ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ಸಣ್ಣ ತೂತುಗಳಿರುವ ಪಿಸ್ಟನ್. ಚಕ್ರ ಕುಣಿದಂತೆ ಪಿಸ್ಟನ್ ಓಡಾಡುತ್ತದೆ. ಎಣ್ಣೆ ಆ ತೂತುಗಳಲ್ಲಿ ನುಸುಳಲು ಒದ್ದಾಡಬೇಕು. ಆ ಒದ್ದಾಟದಲ್ಲಿ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಸೋರಿದರೆ ಅಥವಾ ಒಳಭಾಗ ಸವೆದರೆ ಕುಣಿತಕ್ಕೆ ಕಡಿವಾಣವೇ ಇಲ್ಲ.

ಹೊಸ ಶಾಕ್ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ರಾತ್ರಿ ಮೂಡಿಗೆರೆಯಲ್ಲೇ ಉಳಿದೆವು. ಬೆಳಿಗ್ಗೆ ಬಸ್ಸು ಹತ್ತಿ ಕೊಟ್ಟಿಗೆಹಾರಕ್ಕೆ ಹೋಗಿ ಹೆಸರುವಾಸಿಯಾದ ನೀರುದೋಸೆ ತಿಂದೆವು. ಪೂರ್ಣಚಂದ್ರ ತೇಜಸ್ವಿಯವರ ನೆನಪಿನ ಪ್ರತಿಷ್ಠಾನ ಇರುವುದೂ ಆ ಊರಿನಲ್ಲೇ. ಮೂಡಿಗೆರೆಯ ತೋಟದಲ್ಲಿ ಬದುಕಿ, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಲೇಖಕರು ಅವರು ಎಂದು ಮಕ್ಕಳಿಗೆ ಹೇಳಿದೆ.

ಮಧ್ಯಾಹ್ನ ಗ್ಯಾರೇಜಿಗೆ ಬಂದಾಗ ಕೆಲಸ ಶುರುವಾಗಿತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಮೇಸ್ತ್ರಿ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರು. ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಇಟ್ಟು, ಹಿಂಬದಿಯನ್ನು ಜಾಕ್‌ನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದ್ದರು. ಶಾಕ್ ಬಿಚ್ಚಿದಾಗ ಆಕ್ಸಲ್ ಜೋತುಬೀಳದಂತೆ ಅದಕ್ಕೂ ಜಾಕ್ ಆಸರೆ ಕೊಟ್ಟಿದ್ದರು. ಹಳೆಯ ಶಾಕನ್ನು ಮೊಮ್ಮಗನ ಕೈಗೆ ಕೊಟ್ಟರು. ಒತ್ತಿದರೆ ಸರಾಗವಾಗಿ ಒಳಗೆ ಹೋಯಿತು. ಹೊಸದನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಿದರು. ಒಳಗಿನ ಗಾಳಿಗುಳ್ಳೆ ಹೋಗಲಿಕ್ಕಂತೆ. ಮೊಮ್ಮಗ ಅದನ್ನು ಒತ್ತಲು ಎರಡೂ ಕೈ ಹಾಕಿ ಹಲ್ಲು ಕಚ್ಚಬೇಕಾಯಿತು.

"ಬಲಗಡೆಯದು ಸರಿಯಾಗಿಯೇ ಇತ್ತಲ್ಲ ಮಾಮ, ಅದನ್ನೂ ಯಾಕೆ ತೆಗೆದ್ರಿ?" ಎಂದ.

"ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಹಾಕ್ಕೊಂಡು ನೀನು ಬೆಟ್ಟ ಇಳೀತೀಯಾ? ಇದು ಯಾವಾಗಲೂ ಜೋಡಿ."

ರಬ್ಬರ್ ಬುಷ್‌ಗಳೂ ಹೊಸವು ಬಂದವು. ಕೊನೆಯ ಬಿಗಿತವನ್ನು ಕಾರು ನೆಲಕ್ಕಿಳಿದ ಮೇಲೆಯೇ ಕೊಟ್ಟರು. ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ತಗ್ಗು ಬಿದ್ದ ಟೈರನ್ನು ತೆಗೆದು ಸ್ಟೆಪ್ನಿ ಹಾಕಿದರು. ಮೊಮ್ಮಗಳು ಮತ್ತೆ ಆ ಎಡಮೂಲೆಯನ್ನು ಒತ್ತಿ ಬಿಟ್ಟಳು. ಎದ್ದದ್ದು ಒಂದೇ ಸಲ. ಇವರು ಅಲ್ಲೇ ನಿಂತು ಮಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಅಪ್ಪಾ, ನಿಧಾನವಾಗಿ ಹೋಗಿ. ತಲುಪಿದ ಮೇಲೆ ಹೇಳಿ" ಎಂದ.

ಮರುದಿನ ಬೆಳಿಗ್ಗೆ ಘಾಟಿ ಇಳಿದೆವು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಚಾಲಕರ ಮಾತನ್ನು ಇವರು ಪಾಲಿಸಿದರು. ತಿರುವುಗಳಲ್ಲಿ ಕಾರು ಓಲಾಡಲಿಲ್ಲ. ದಾರಿಹೋಕರೆಲ್ಲ ಕೈಮುಗಿಯುವ ಅಣ್ಣಪ್ಪಸ್ವಾಮಿ ಗುಡಿಯ ಬಳಿ ನಿಂತಾಗ ಮೊಮ್ಮಗಳು ಚಕ್ರದ ಹಿಂದೆ ಕೈ ಚಾಚಿದಳು. "ಬ್ರೇಕ್ ಡ್ರಮ್ ಸುಡುತ್ತೆ, ಮುಟ್ಟಬೇಡ" ಎಂದು ಅಜ್ಜ ತಾವೇ ಜೋಪಾನವಾಗಿ ಅವಳ ಬೆರಳನ್ನು ಶಾಕಿಗೆ ತಾಗಿಸಿದರು. "ಬೆಚ್ಚಗಿದೆ ಅಜ್ಜಾ!" ಎಂದಳು.

ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದರೆ ಈ ಭಾನುವಾರ ಅಜ್ಜನ ಜೊತೆ ನಾಲ್ಕೂ ಮೂಲೆ ಒತ್ತಿ ನೋಡಿ. ಒಂದಕ್ಕಿಂತ ಹೆಚ್ಚು ಸಲ ಕುಣಿದರೆ, ಕೊಳವೆಯ ಮೇಲೆ ಎಣ್ಣೆ ಕಂಡರೆ, ಬ್ರೇಕ್ ಹಾಕಿದಾಗ ಮೂತಿ ನೆಲಕ್ಕೆ ಬಾಗಿದರೆ ಗ್ಯಾರೇಜಿಗೆ ಒಯ್ಯಿರಿ. ಬಿಚ್ಚುವ ಕೆಲಸ ಮೇಸ್ತ್ರಿಗೇ ಇರಲಿ. ಅದರಲ್ಲೂ ಮುಂದಿನ ಚಕ್ರದ ಶಾಕ್ ಬಿಗಿಯಾದ ಸ್ಪ್ರಿಂಗಿನೊಳಗೇ ಇರುತ್ತದೆ. ಆ ಸ್ಪ್ರಿಂಗ್ ಸಿಡಿದರೆ ಅಪಾಯ. ಒತ್ತಿ ನೋಡುವ ಕೆಲಸಕ್ಕೆ ಮಾತ್ರ ಕಾಸಿಲ್ಲ, ವಯಸ್ಸಿಲ್ಲ.